ಶನಿವಾರ ಮಾತ್ರ ನಿಲ್ಲುವ ಗಾಡಿ

ಅವರ ಬಲಗಿವಿಯ ಅಂಚಿನಲ್ಲಿ ಒಂದು ಕಪ್ಪು ಗೆರೆ ಇತ್ತು. ಪೆನ್ನಿನಿಂದ ಎಳೆದ ಹಾಗೆ ತೆಳ್ಳಗೆ, ಮೇಲಿನ ಮಡಿಕೆಯಿಂದ ಕೆಳಗಿನ ಹಾಲೆಯವರೆಗೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳುವುದು ಅವರ ಪದ್ಧತಿ. ಮೂವತ್ತು ವರ್ಷದ ಗ್ರೀಸು ಆ ಹಿಡಿಯಿಂದ ಕಿವಿಗೆ ಇಳಿದು ಚರ್ಮದೊಳಗೇ ಕೂತಿತ್ತು. ಭಾನುವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಇಗರ್ಜಿಗೆ ಹೊರಟಾಗಲೂ ಗೆರೆ ಹಾಗೇ ಇರುತ್ತಿತ್ತು.

ಬಲಗಿವಿ ಎಂದು ಬರೆದೆ. ಎಡಗಿವಿಯೂ ಇರಬಹುದು. ಅವರದೊಂದು ಫೋಟೋ ಕೂಡ ನನ್ನಲ್ಲಿಲ್ಲ. ನೆನಪಿನಲ್ಲಿ ಅವರು ಯಾವಾಗಲೂ ಒಂದೇ ಕಡೆಯಿಂದ ಬಾನೆಟ್ಟಿನ ಮೇಲೆ ಬಾಗುತ್ತಾರೆ, ಬೆಳಕು ಯಾವಾಗಲೂ ಒಂದೇ ಕಡೆಯಿಂದ ಬೀಳುತ್ತದೆ. ಇಷ್ಟು ಅಚ್ಚುಕಟ್ಟಾಗಿ ಯಾರೂ ಬದುಕಿರುವುದಿಲ್ಲ. ಹಾಗಾಗಿ ಎಲ್ಲೆಲ್ಲಿ ನನಗೆ ನನ್ನ ಮೇಲೆ ಅನುಮಾನವಿದೆಯೋ ಅಲ್ಲಲ್ಲಿ ಹೇಳಿಬಿಡುತ್ತೇನೆ.

ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಅವರು ಹಿರಿಯ ಮೆಕ್ಯಾನಿಕ್. ಮಂಗಳೂರಿನ ಕಡೆಯ ಕಥೋಲಿಕರು. ಹರೆಯದಲ್ಲಿ ಹಡಗು ಹತ್ತಿ ಮೊಂಬಾಸಾಕ್ಕೆ, ಅಲ್ಲಿಂದ ರೈಲಿನಲ್ಲಿ ನೈರೋಬಿಗೆ ಬಂದವರು. ಗ್ಯಾರೇಜಿನಲ್ಲಿ ಎಲ್ಲರೂ ಅವರನ್ನು 'ಮ್ಜೇ' ಎನ್ನುತ್ತಿದ್ದರು. ವಯಸ್ಸಾದವರನ್ನು ಅಲ್ಲಿ ಗೌರವದಿಂದ ಕರೆಯುವುದು ಹಾಗೆ. ನಾನೂ ಹಾಗೇ ಕರೆದೆ. ಲೆಕ್ಕವನ್ನು ಅವರು ಕೊಂಕಣಿಯಲ್ಲಿ ಮಾಡುತ್ತಿದ್ದರು, ತುಕ್ಕು ಹಿಡಿದ ಬೋಲ್ಟನ್ನು ತುಳುವಿನಲ್ಲಿ ಬೈಯುತ್ತಿದ್ದರು, ಜೊತೆಯ ಕೆಲಸಗಾರರೊಡನೆ ಸ್ವಾಹಿಲಿ ಆಡುತ್ತಿದ್ದರು. ಕನ್ನಡ ಮಾತ್ರ ಶಾಲೆಯದು, ಆರನೇ ಕ್ಲಾಸಿಗೆ ನಿಂತದ್ದು. ಅದನ್ನು ಬಳಸಲು ಅವರಿಗೆ ಜನವಿರಲಿಲ್ಲ.

"ಮಾಷ್ಟ್ರೆ, ನಿಮ್ಮ ಗಾಡಿ ಹಾಳಾದದ್ದು ನನಗೆ ಒಳ್ಳೆಯದೇ ಆಯ್ತು," ಎಂದು ಮೊದಲ ದಿನವೇ ನಕ್ಕಿದ್ದರು. "ಕನ್ನಡ ಮಾತಾಡ್ಲಿಕ್ಕೆ ಒಂದು ಜನ ಸಿಕ್ಕಿತು."

ಆಗ ನಾನು ಲ್ಯಾವಿಂಗ್ಟನ್ನಿನ ಒಂದು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ಮದುವೆಯಾಗಿರಲಿಲ್ಲ. ಶಾಲೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ನಾನು ಮತ್ತು ಮೈಸೂರಿನಿಂದ ಬಂದಿದ್ದ ನನ್ನ ಅಮ್ಮ, ಇಬ್ಬರೇ. ಗಾಡಿ ಒಂದು ಹಳೆಯ ಪಿಕಪ್ಪು: ಮುಂದೆ ಇಬ್ಬರು ಕೂರುವ ಸೀಟು, ಹಿಂದೆ ಸಾಮಾನು ತುಂಬುವ ತೆರೆದ ಜಾಗ. ಪೆಟ್ರೋಲ್ ಹಾಕುವ ಬಾಯಿ ಆ ತೆರೆದ ಜಾಗದ ಪಕ್ಕಕ್ಕೇ ಇತ್ತು. ಇದು ಮುಖ್ಯ ಎಂದು ಆಗ ನನಗೆ ಗೊತ್ತಿರಲಿಲ್ಲ.

ಲಿಮುರುವಿನಲ್ಲಿ, ಟೀ ತೋಟಗಳ ನಡುವೆ, ಕರ್ನಾಟಕದ ಡಾಕ್ಟರೊಬ್ಬರ ಮನೆಯಿತ್ತು. ತಿಂಗಳಿಗೆ ಎರಡು ಶನಿವಾರ ನಮ್ಮವರೆಲ್ಲ ಅಲ್ಲಿ ಸೇರಿ ಭಜನೆ ಮಾಡಿ ಊಟ ಮಾಡುತ್ತಿದ್ದರು. ಡಾಕ್ಟರ ಅಡುಗೆಮನೆಯಲ್ಲಿ ಮಾಂಸ ಬೇಯುತ್ತಿತ್ತಾದ್ದರಿಂದ ಅಲ್ಲಿ ಮಾಡಿದ್ದನ್ನು ಅಮ್ಮನೂ ಅಮ್ಮನಂಥ ಇನ್ನಿಬ್ಬರು ವಯಸ್ಸಾದ ಹೆಂಗಸರೂ ಮುಟ್ಟುತ್ತಿರಲಿಲ್ಲ. ಹಾಗಾಗಿ ದೇವರ ನೈವೇದ್ಯಕ್ಕೂ ಇವರ ಊಟಕ್ಕೂ ಅಮ್ಮ ಮನೆಯಲ್ಲೇ ಬೆಳಗ್ಗೆ ತಲೆಗೆ ಸ್ನಾನ ಮಾಡಿ ಮಡಿಯಲ್ಲಿ ಅಡುಗೆ ಮಾಡಿ, ಪಾತ್ರೆಗಳನ್ನು ಪಿಕಪ್ಪಿನಲ್ಲಿಟ್ಟು ಒಯ್ಯುತ್ತಿದ್ದಳು. ಚೆಲ್ಲುವುದು, ಧೂಳು ಬೀಳುವುದು, ಬೇರೆ ವಾಸನೆ ತಗಲುವುದು ಯಾವುದೂ ಅವಳಿಗೆ ಆಗದು. ಹಿಂದುಗಡೆ ಬಾಯಿ ಅಂತ ಇರುವ ಪ್ರತಿಯೊಂದಕ್ಕೂ ಮುಚ್ಚಳ, ಮುಚ್ಚಳದ ಮೇಲೆ ಒದ್ದೆ ಬಟ್ಟೆ ಇಲ್ಲವೇ ತೊಳೆದಿಟ್ಟ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರಿನ ಬಳೆ. ಈ ಕೆಲಸಕ್ಕೆ ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ.

ಆ ವರ್ಷ ಏಪ್ರಿಲ್‌ನಿಂದ ಗಾಡಿ ದಾರಿಯಲ್ಲಿ ನಿಲ್ಲತೊಡಗಿತು. ಕಂಗೆಮಿ ದಾಟಿ ಏರು ಶುರುವಾದ ಮೇಲೆ ಎಳೆತ ಸಡಿಲವಾಗುತ್ತಿತ್ತು. ಪೆಡಲನ್ನು ನೆಲಕ್ಕೆ ಒತ್ತಿದರೂ ಹಿಂದಿನಿಂದ ಯಾರೋ ಹಿಡಿದು ಜಗ್ಗಿದ ಹಾಗೆ. ಎರಡು ಸಲ ಕೆಮ್ಮಿ, ನಿಂತುಬಿಡುತ್ತಿತ್ತು. ಕಾಲು ಗಂಟೆ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗದವರಂತೆ ಹೊರಡುತ್ತಿತ್ತು. ಹಿಂತಿರುಗುವಾಗ ಒಂದು ತೊಂದರೆಯೂ ಇಲ್ಲ. ಶಾಲೆ, ಪೇಟೆ, ಕಿಲಿಮಾನಿಯ ಗೆಳೆಯರ ಮನೆ ಎಲ್ಲಿ ಓಡಾಡಿದರೂ ಏನೂ ಇಲ್ಲ.

ಒಂದು ಶನಿವಾರ ಕಂಗೆಮಿಯ ಸಂತೆಯ ಪಕ್ಕದಲ್ಲೇ ನಿಂತಿತು. ಸಂತೆಯಿಂದ ನಾಲ್ಕೈದು ಜನ "ಪೋಲೆ, ಪೋಲೆ" ಎಂದು ಮರುಗುತ್ತ ಬಂದು, ತಳ್ಳಲು ಹಿಂದಕ್ಕೆ ನಡೆದರು. ಅಮ್ಮ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಕೆಳಗೆ ಧುಮುಕಿದಳು. ಅವಳಿಗೆ ಬರುತ್ತಿದ್ದ ಸ್ವಾಹಿಲಿ ಎರಡೇ ಮಾತು. ಒಂದು ಅಸಾಂಟೆ, ಅಂದರೆ ಥ್ಯಾಂಕ್ಸ್. ಇನ್ನೊಂದನ್ನು ಈಗ ಕೂಗುತ್ತಿದ್ದಳು: "ಹಪಾನ! ಹಪಾನ!" ಬೇಡ, ಬೇಡ.

"ಅಮ್ಮ, ಬಿಡು, ಸಹಾಯ ಮಾಡ್ತಿದಾರೆ."

"ಮಾಡ್ಲಿ, ಯಾರು ಬೇಡ ಅಂದ್ರು? ಹಿಂದ್ಗಡೆ ಮುಟ್ಟದೆ ತಳ್ಳಕ್ಕೆ ಹೇಳು. ನೈವೇದ್ಯ ಇದೆ ಅನ್ನು."

ನೈವೇದ್ಯಕ್ಕೆ ಸ್ವಾಹಿಲಿಯಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ದೇವರ ಊಟ, ಹಿಂದೆ ಮುಟ್ಟಬೇಡಿ ಎಂದೆ. ಅವರಲ್ಲಿ ಒಬ್ಬ ನಗುತ್ತ ಹೇಳಿದ: "ತಾಯಿ, ಹಿಂದೆ ಮುಟ್ಟದೆ ಗಾಡಿ ತಳ್ಳುವುದು ನಮಗೆ ಬರುವುದಿಲ್ಲ. ನಿಮ್ಮ ದೇವರಿಗೆ ಬರುತ್ತದೋ ಕೇಳಿ ನೋಡಿ." ಅಮ್ಮ ಏನೆಂದ ಎಂದು ಕೇಳಿದಳು. ಒಳ್ಳೆಯದಾಗಲಿ ಎಂದ ಎಂದೆ. ಕೊನೆಗೆ ಅವರು ಬಾಗಿಲುಗಳ ಚೌಕಟ್ಟು ಹಿಡಿದು ಅಡ್ಡಡ್ಡವಾಗಿ ಸ್ವಲ್ಪ ದೂರ ತಳ್ಳಿ, ಬೆವರಿ, ಕೈ ಬಿಟ್ಟು ಹೋದರು. ಸ್ವಲ್ಪ ಹೊತ್ತಿಗೆ ಗಾಡಿ ತಾನಾಗಿ ಸ್ಟಾರ್ಟ್ ಆಯಿತು. ಅಮ್ಮ ಸೀಟಿನಲ್ಲಿ ಸರಿಯಾಗಿ ಕೂತು, "ನೋಡಿದ್ಯಾ, ಯಾರೂ ಮುಟ್ಟದಿದ್ರೆ ಅದಕ್ಕೇ ಸರಿಹೋಗತ್ತೆ," ಎಂದಳು.

ಆ ಸೋಮವಾರ ಗಾಡಿಯನ್ನು ಗ್ಯಾರೇಜಿಗೆ ಒಯ್ದೆ. ಮ್ಜೇ ಅದರ ಸುತ್ತ ಒಂದು ಸುತ್ತು ಬಂದರು. ಪ್ಲಗ್ಗುಗಳನ್ನು ಬಿಚ್ಚಿ, ಹಳೆಯ ಪತ್ರಿಕೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಜೋಡಿಸಿಟ್ಟರು. ಬಿಚ್ಚಿದ ಯಾವುದನ್ನೂ ಅವರು ರಾಶಿ ಹಾಕುತ್ತಿರಲಿಲ್ಲ. ಕಾರ್ಬೊರೇಟರನ್ನು ಮೂಸಿದರು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು, ಅದರಲ್ಲಿದ್ದ ಸಣ್ಣ ತೂತಿಗೆ ಬಾಯಿಟ್ಟು ಊದಿದರು. ಏನೋ ವಿವರಿಸಿದರು ಕೂಡ. ನನಗೆ ಎರಡು ಗಂಟೆಗೆ ಕ್ಲಾಸಿತ್ತು, ಗಡಿಯಾರ ನೋಡಿಕೊಳ್ಳುತ್ತಿದ್ದೆ. ಆಮೇಲೆ ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಬಹಳ ಹೊತ್ತು ನಿಂತರು.

"ಎಂತದೂ ಇಲ್ಲ," ಎಂದರು. "ಒಳ್ಳೆ ಗಾಡಿ. ನಿಮಗಿಂತ ಆರೋಗ್ಯ ಉಂಟು."

"ಆದ್ರೆ ನಿಲ್ಲತ್ತಲ್ಲ, ಮ್ಜೇ?"

"ನನ್ನ ಎದುರು ನಿಲ್ಲಲಿ. ಒಮ್ಮೆ ನಿಂತ್ರೆ ಸಾಕು, ಮತ್ತೆ ನಾನು ಬಿಡುದಿಲ್ಲ. ಕಾಣದೆ ಸಾಮಾನು ಬದಲು ಮಾಡುದು ನಾನು ಕಲಿತ ಕೆಲಸ ಅಲ್ಲ."

ಕಾಣದೆ ಬದಲಾಯಿಸುವುದಿಲ್ಲ: ಇದೊಂದೇ ಅವರ ನಿಯಮ. ಬೇರೆ ಗ್ಯಾರೇಜುಗಳಲ್ಲಿ ಇದು ಹಾಕಿ ನೋಡೋಣ, ಅದು ಹಾಕಿ ನೋಡೋಣ ಎಂದು ಒಂದೊಂದೇ ಭಾಗ ಬದಲಿಸುತ್ತಿದ್ದ ಕಾಲ. ಇವರು ಗಾಡಿಯ ಪಕ್ಕದ ಸೀಟಿನಲ್ಲಿ ಕೂತು, ತೊಡೆಯ ಮೇಲೆ ಸ್ಕ್ರೂಡ್ರೈವರಿಟ್ಟುಕೊಂಡು, ದೋಷ ತಾನಾಗಿ ಎದ್ದು ಬರುವವರೆಗೆ ಊರು ಸುತ್ತುತ್ತಿದ್ದರು. ಮುಥೈಗಾದ ಯಾವುದೋ ರಾಯಭಾರಿಯ ಕಾರಿನಲ್ಲಿ ಮೂರು ದಿನ ಹೀಗೆ ಕೂತು, ನಾಲ್ಕನೆಯ ದಿನ ಸಡಿಲವಾದ ಒಂದೇ ಒಂದು ತಂತಿಯನ್ನು ಹಿಡಿದಿದ್ದರಂತೆ. ಈ ಕತೆಯನ್ನು ಅವರು ಹೇಳಿದರೋ ಗ್ಯಾರೇಜಿನ ಬೇರೆಯವರು ಹೇಳಿದರೋ, ಮರೆತಿದ್ದೇನೆ.

ನನಗೊಂದು ಬರೆಯುವ ಪುಸ್ತಕ ಕೊಡಿಸಿ, ತಾವೇ ಗೆರೆ ಎಳೆದರು. ಗಾಡಿ ನಿಂತ ಜಾಗ. ಹೊತ್ತು. ಬಿಸಿಲೋ ಮೋಡವೋ. ಪೆಟ್ರೋಲ್ ಎಷ್ಟಿತ್ತು. ಎಂಜಿನ್ ಎಷ್ಟು ಕಾದಿತ್ತು. ಕೊನೆಯ ಕಾಲಮ್ಮಿಗೆ ಅವರು ಇಟ್ಟ ಹೆಸರು: ಹಿಂದೆ ಎಂತ ಇತ್ತು.

ಆ ಪುಸ್ತಕ ಈಗಲೂ ನನ್ನಲ್ಲಿದೆ. ನನ್ನ ನೆನಪಿಗಿಂತ ಹೆಚ್ಚು ನಂಬಿಕೆ ಇಡಬಹುದಾದ ಸಾಕ್ಷಿ ಇದೊಂದೇ. ಹನ್ನೊಂದು ಸಾಲುಗಳಿವೆ. ಹನ್ನೊಂದೂ ಶನಿವಾರ. ಕೊನೆಯ ಕಾಲಮ್ಮಿನಲ್ಲಿ ಹನ್ನೊಂದು ಸಲವೂ ನನ್ನ ಕೈಬರಹದಲ್ಲಿ ಒಂದೇ ಮಾತಿದೆ: ಪಾತ್ರೆಗಳು.

ಅವರು ಆ ಪುಟದ ಮೇಲೆ ಬೆರಳಾಡಿಸಿ, ತಲೆಯೆತ್ತಿ ನನ್ನನ್ನೇ ನೋಡಿದ್ದು ನೆನಪಿದೆ. "ಎಂಜಿನ್ನಿಗೆ ವಾರ ಗೊತ್ತುಂಟಾ ಮಾಷ್ಟ್ರೆ? ಅದಕ್ಕೆ ಶನಿವಾರವೂ ಒಂದೇ, ಮಂಗಳವಾರವೂ ಒಂದೇ. ವಾರ ಗೊತ್ತಿರುದು ಮನುಷ್ಯರಿಗೆ."

ಅಷ್ಟು ಹತ್ತಿರ ಬಂದಿದ್ದರು.

ಜೂನಿನ ಹೊತ್ತಿಗೆ ಈ ಗಾಡಿ ಅವರಿಗೆ ಬರೀ ಗಾಡಿಯಾಗಿ ಉಳಿದಿರಲಿಲ್ಲ. ಗ್ಯಾರೇಜಿನ ಹಳೆಯ ಯಜಮಾನ ತೀರಿಕೊಂಡು ಮಗ ಆ ಕುರ್ಚಿಯಲ್ಲಿ ಕೂತಿದ್ದ. ಮ್ಜೇ ಅವನನ್ನು 'ಸಣ್ಣ ಧಣಿ' ಎನ್ನುತ್ತಿದ್ದರು. ಸಣ್ಣ ಧಣಿಗೆ ಹೊಸ ಯಂತ್ರಗಳು ಬೇಕಿದ್ದವು, ಬೇಗ ಕೈಯಾಡಿಸುವ ಚಿಕ್ಕ ವಯಸ್ಸಿನವರು ಬೇಕಿದ್ದರು; ಗಾಡಿಯೊಳಗೆ ಮೂರು ದಿನ ಕೂರುವ ಮುದುಕರು ಬೇಕಿರಲಿಲ್ಲ. ಮ್ಜೇ ಅವರ ಕೆಲಸದ ಪರ್ಮಿಟ್ಟು ಡಿಸೆಂಬರಿಗೆ ಮುಗಿಯುತ್ತಿತ್ತು. ಮುಂದುವರಿಸಲು ಗ್ಯಾರೇಜಿನ ಸಹಿ ಬೇಕು. ಸಹಿ ಇಲ್ಲದಿದ್ದರೆ ದೇಶ ಬಿಡಬೇಕು.

"ವಾಪಸ್ ಬರುವ ಕೆಲಸ ಒಂದೂ ಇರಬಾರದು ಅಂತಾನೆ," ಎಂದು ಅವರೇ ನನಗೆ ಹೇಳಿದರು, ಎರಡು ಕೈಗೂ ಮರದ ಹೊಟ್ಟು ಹಚ್ಚಿ ಉಜ್ಜಿಕೊಳ್ಳುತ್ತ. "ವಾಪಸ್ ಬರುದು ನಿಮ್ಮದೊಂದೇ. ನಿಮ್ಮದು ಸರಿಯಾಯ್ತು ಅಂತ ನೀವು ಬರ್ದು ಕೊಟ್ರೆ ಸಹಿ ಹಾಕ್ತಾನಂತೆ."

"ಸಹಿ ಹಾಕದಿದ್ರೆ ಊರಿಗೆ ಹೋಗ್ತೀರಾ?"

"ಊರಿನಲ್ಲಿ ಎಂತ ಉಂಟು? ಅಕ್ಕನ ಮಗಳ ಮನೆ ಉಂಟು, ಹೋದ್ರೆ ಒಂದು ಮಂಚ ಕೊಟ್ಟಾರು." ಕೈ ಉಜ್ಜುವುದನ್ನು ನಿಲ್ಲಿಸಿದರು. "ನನ್ನ ಹೆಂಡತಿ ಇಲ್ಲಿ ಉಂಟಲ್ಲ. ಅವಳನ್ನು ಬಿಟ್ಟು ಹೇಗೆ ಹೋಗುದು?"

ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಪ್ರತಿ ತಿಂಗಳ ಮೊದಲ ಭಾನುವಾರ, ಪೂಜೆ ಮುಗಿದ ಮೇಲೆ, ಮಟಾಟು ವ್ಯಾನು ಹತ್ತಿ ಸಮಾಧಿಗೆ ಹೋಗಿ ಹುಲ್ಲು ಕಿತ್ತು ಬರುತ್ತಿದ್ದರು. ಮಕ್ಕಳಿರಲಿಲ್ಲ. ಆಕೆಯ ಬಗ್ಗೆ ಮಾತಾಡುವಾಗ 'ಇದ್ದಳು' ಎನ್ನುತ್ತಿರಲಿಲ್ಲ, 'ಉಂಟು' ಎನ್ನುತ್ತಿದ್ದರು. ಅದು ಕರಾವಳಿಯ ಮಾತಿನ ಧಾಟಿಯೋ ಬೇರೇನೋ ಎಂದು ನಾನು ಕೇಳಲಿಲ್ಲ.

ಒಂದು ಸಂಜೆ ಅವರೇ ನಮ್ಮ ಕ್ವಾರ್ಟರ್ಸಿಗೆ ಬಂದರು. ಅಮ್ಮ ಕಾಫಿ ಮಾಡಿದಳು. ನಮ್ಮ ಮನೆಯಲ್ಲಿ ಲೋಟಗಳೆಲ್ಲ ಸ್ಟೀಲಿನವು. ಹೊರಗಿನವರಿಗೆಂದು ಒಂದು ಪಿಂಗಾಣಿ ಕಪ್ಪು ಇತ್ತು. ಅವರಿಗೆ ಆ ಕಪ್ಪಿನಲ್ಲಿ, ವರಾಂಡದಲ್ಲಿ. ಅಮ್ಮ ಒಳ್ಳೆಯ ಮಾತಾಡಿದಳು, ಊರು ಕೇಳಿದಳು, ಹೆಂಡತಿ ಹೋದದ್ದಕ್ಕೆ ನಿಜವಾಗಿ ನೊಂದುಕೊಂಡಳು, ಕೋಡುಬಳೆ ಕೊಟ್ಟಳು. ಕಾಫಿ ಕುಡಿದು ಅವರು ಎದ್ದು, ತೋಟದ ನಲ್ಲಿಯಲ್ಲಿ ಕಪ್ಪನ್ನು ತಾವೇ ತೊಳೆದು, ಮೆಟ್ಟಿಲ ಮೇಲೆ ಬೋರಲು ಹಾಕಿಟ್ಟರು. ಯಾರೂ ಹೇಳಿರಲಿಲ್ಲ. ಎಲ್ಲಿ ಕಲಿತದ್ದೋ ಅಲ್ಲಿ, ಬಹಳ ಹಿಂದೆಯೇ ಕಲಿತಿದ್ದರು.

ಆಮೇಲೆ, ಗಾಡಿಯ ಹತ್ತಿರ ನಿಂತು, ನನ್ನನ್ನು ಕೇಳಿದರು. "ಒಂದು ಶನಿವಾರ ನಾನು ಬರ್ತೇನೆ ಮಾಷ್ಟ್ರೆ. ಹಿಂದೆ ಕೂತ್ಕೊಳ್ತೇನೆ, ತೊಂದರೆ ಇಲ್ಲ."

"ಹಿಂದೆ ಪಾತ್ರೆ ಇರತ್ವೆ, ಮ್ಜೇ."

"ಹಾಗಾದ್ರೆ ಎದುರು."

"ಎದುರು ಅಮ್ಮ ಕೂತಿರ್ತಾರೆ."

ಮೆಟ್ಟಿಲ ಮೇಲಿನ ಕಪ್ಪಿನ ಕಡೆ ಅವರ ಕಣ್ಣು ಹೋಯಿತು ಎಂದು ಬರೆಯಬೇಕೆನಿಸುತ್ತದೆ. ಹೋಗಿರಲಿಕ್ಕಿಲ್ಲ. ಗಾಡಿ ನಿಲ್ಲಿಸಿದ್ದ ಜಾಗದಿಂದ ಮೆಟ್ಟಿಲು ಕಾಣುತ್ತಿರಲಿಲ್ಲ. ಅವರು ಇಷ್ಟೇ ಹೇಳಿದರು: "ಹಾಂ. ಹೌದು. ಜಾಗ ಇರ್ಲಿಕ್ಕಿಲ್ಲ."

ಮತ್ತೆ ಕೇಳಲಿಲ್ಲ. ಬೇರೆ ಗಾಡಿಯಲ್ಲಿ ನಮ್ಮ ಹಿಂದೆ ಬರೋಣವೆಂದರೆ ಸಣ್ಣ ಧಣಿ ಶನಿವಾರ ಗ್ಯಾರೇಜಿನ ವ್ಯಾನು ಕೊಡಲಿಲ್ಲ. ಅದಕ್ಕೆ ಅವರು ಒಂದು ಉಪಾಯ ಹೂಡಿದರು. ನಮ್ಮ ಪಾತ್ರೆಗಳ ತೂಕವನ್ನು ನನ್ನಿಂದ ಕೇಳಿ ತಿಳಿದು, ಅಷ್ಟೇ ತೂಕದ ಮರಳು ಚೀಲಗಳನ್ನು ನಮ್ಮ ಪಿಕಪ್ಪಿನ ಹಿಂದೆ ಹೇರಿ, ಅಮ್ಮನ ತೂಕದ ಒಂದು ಚೀಲವನ್ನು ಪಕ್ಕದ ಸೀಟಿಗೆ ಕಟ್ಟಿ, ಒಂದು ಮಂಗಳವಾರ, ಶನಿವಾರಗಳಂದು ನಾವು ಹೊರಡುತ್ತಿದ್ದ ಹೊತ್ತಿಗೇ ಸರಿಯಾಗಿ, ಲಿಮುರುವಿಗೆ ಹೊರಟರು. ಆ ದಿನ ಶಾಲೆಗೆ ರಜೆ ಹಾಕಿ ನಾನೂ ಗ್ಯಾರೇಜಿನಲ್ಲಿ ಕಾದೆ. ಸಂಜೆ ವಾಪಸ್ ಬಂದಾಗ ಅವರ ಮುಖ ನೋಡಿದೆ.

"ನಿಲ್ಲಲಿಲ್ಲ," ಎಂದರು. "ಮೇಲೆ ಹೋಗಿ ಒಂದು ಚಾ ಕುಡಿದು ಕಾದೆ. ನಿಲ್ಲು ಮಾರಾಯ, ಒಮ್ಮೆ ನಿಲ್ಲು ಅಂತ ಹೇಳಿದೆ. ಮೂವತ್ತು ವರ್ಷದಲ್ಲಿ ಗಾಡಿಗೆ ಕೆಟ್ಟು ಹೋಗು ಅಂತ ಬೇಡಿಕೊಂಡದ್ದು ಇದೇ ಮೊದಲು."

ಹೀಗೆ ಮೂರು ಮಂಗಳವಾರ ಹೋದರು. ಮರಳಿನ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಲ್ಲಿ ಚಳಿಗಾಲವಾದ ಜುಲೈಯ ಆ ಬೂದು ಹವೆಯಲ್ಲಿ, ಏರಿನ ಮೇಲೆ ಕಿವಿ ಕೊಟ್ಟು ಹೋಗುವ ಮನುಷ್ಯನನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೂ ಅವರನ್ನು ನೆನೆದರೆ ಮೊದಲು ಕಾಣುವುದು ಅದೇ ಚಿತ್ರ. ಕಂಡದ್ದಕ್ಕಿಂತ ಕಾಣದ್ದು ಹೀಗೆ ಗಟ್ಟಿಯಾಗಿ ನಿಲ್ಲುವುದರಿಂದಲೇ ನನಗೆ ನೆನಪಿನ ಮೇಲೆ ಭರವಸೆಯಿಲ್ಲ.

ಅಕ್ಟೋಬರಿನಲ್ಲಿ ಅವರು ತಮ್ಮ ನಿಯಮ ಮುರಿದರು. ಸಣ್ಣ ಧಣಿಯ ಒತ್ತಾಯಕ್ಕೆ, ಕಾಣದೆಯೇ, ಪೆಟ್ರೋಲ್ ಪಂಪು ಬದಲಾಯಿಸಿದರು. ಮುಂದಿನ ಶನಿವಾರ ಗಾಡಿ ನಿಂತಿತು. ಕಾಯಿಲ್ ಬದಲಾಯಿಸಿದರು. ನಿಂತಿತು. ಕಾರ್ಬೊರೇಟರ್ ಬಿಚ್ಚಿ ಜೋಡಿಸಿದರು. ಕೊನೆಯ ಸಲ ನಾನು ಹೋದಾಗ ಬಿಚ್ಚಿದ ನಟ್ಟುಗಳು ಒಂದು ತಗಡಿನ ಡಬ್ಬಿಯಲ್ಲಿ ರಾಶಿಯಾಗಿ ಬಿದ್ದಿದ್ದವು. ಪತ್ರಿಕೆ ಹಾಸಿರಲಿಲ್ಲ.

"ಮತ್ತೆ ನಿಂತಿತಾ?" ಎಂದು ಕೇಳಿದರು. ತಲೆಯಾಡಿಸಿದೆ. ಅವರು ಸ್ಕ್ರೂಡ್ರೈವರ್ ಎತ್ತಿಕೊಂಡು, ಕಿವಿಗಿಡದೆ, ಅಲ್ಲೇ ಇಟ್ಟರು.

ಡಿಸೆಂಬರಿನ ಮೊದಲ ವಾರ ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದರು. ಕೆಲಸ ತೃಪ್ತಿಕರವೋ ಅಲ್ಲವೋ ನಾನು ಬರೆದುಕೊಡಬೇಕೆಂದು, ಕಾಗದ ಒಯ್ಯಲು ಸಣ್ಣ ಧಣಿ ಅವರನ್ನೇ ಕಳಿಸಿದ್ದ. ಸ್ಟಾಫ್ ರೂಮಿನಲ್ಲಿ ಕೂತು ನಾನು ಪೆನ್ನು ಹಿಡಿದೆ.

"ಸರಿಯಾಗಿದೆ ಅಂತಲೇ ಬರೀತೀನಿ, ಮ್ಜೇ. ಏನು ಗಂಟು ಹೋಗತ್ತೆ?"

"ಬೇಡ." ಅವರ ದನಿ ಗಡುಸಾಯಿತು, ಅಂಥ ದನಿ ನಾನು ಮೊದಲು ಕೇಳಿರಲಿಲ್ಲ. "ಇದ್ದದ್ದು ಇದ್ದ ಹಾಗೆ ಬರೀರಿ. ಮತ್ತೆ ನೀವು ಅಮ್ಮನನ್ನು ಕೂರಿಸಿಕೊಂಡು ಹೋಗುವಾಗ ಏರಿನಲ್ಲಿ ನಿಂತ್ರೆ? ಹಿಂದಿನಿಂದ ಲಾರಿ ಬಂದ್ರೆ? ನನ್ನ ಪರ್ಮಿಟ್ಟಿಗೆ ನಿಮ್ಮ ಅಮ್ಮನನ್ನು ಒತ್ತೆ ಇಡ್ಲಿಕ್ಕಾಗುದಿಲ್ಲ."

ನಾನು ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದೆ: ಎಲ್ಲ ಪ್ರಯತ್ನದ ನಂತರವೂ ದೋಷ ಹಾಗೆಯೇ ಇದೆ. ಲಕೋಟೆ ಅಂಟಿಸಿ ಕೊಟ್ಟೆ. ಅವರು ಅದನ್ನು ಎದೆಯ ಜೇಬಿನಲ್ಲಿಟ್ಟು, ಗುಂಡಿ ಹಾಕಿಕೊಂಡು, ತಾವೇ ಒಯ್ದು ಕೊಟ್ಟರು.

ಜನವರಿಯಲ್ಲಿ ಹೊರಡುವ ಮುಂಚೆ ವಿದಾಯ ಹೇಳಲು ಮನೆಗೆ ಬಂದರು. ಅದೇ ಕಪ್ಪು, ಅದೇ ವರಾಂಡ, ಅದೇ ನಲ್ಲಿ. ಗಾಡಿಯನ್ನು ಇನ್ನೊಮ್ಮೆ ನೋಡಿದರು. ನನ್ನಿಂದ ಒಂದೇ ಮಾತು ತೆಗೆದುಕೊಂಡರು: "ಆದಾಗ ಅವಳ ಹತ್ತಿರ ಹೋಗಿ ಬನ್ನಿ. ಹುಲ್ಲು ಬೇಗ ಬರ್ತದೆ ಅಲ್ಲಿ."

ಮಾರ್ಚಿನ ಒಂದು ಶುಕ್ರವಾರ ಅಮ್ಮ ಬಚ್ಚಲಲ್ಲಿ ಜಾರಿ ಪಾದ ಉಳುಕಿಸಿಕೊಂಡಳು. ಮರುದಿನ ಅಡುಗೆಯನ್ನೇನೋ ಕುಂಟುತ್ತಲೇ ಮುಗಿಸಿದಳು; ಲಿಮುರುವಿಗೆ ಬರುವುದಾಗಲಿಲ್ಲ. ನಾನೇ ಸ್ನಾನ ಮಾಡಿ ಪಂಚೆಯುಟ್ಟು ಪಾತ್ರೆಗಳನ್ನು ಹೊತ್ತಿಟ್ಟು ಹೊರಟೆ. ಕಂಗೆಮಿ ದಾಟಿತು. ಏರು ಬಂತು. ಗಾಡಿ ನಿಲ್ಲಲಿಲ್ಲ. ಸಂಜೆ ಬಂದವನೇ ಅಮ್ಮನಿಗೆ ಹೇಳಿದೆ.

"ಅಮ್ಮ, ಇವತ್ತು ಒಂದ್ಸಲಾನೂ ನಿಲ್ಲಲಿಲ್ಲ!"

"ದೇವರು ದೊಡ್ಡವನು. ಹುಳಿ ಪೆಟ್ರೋಲ್ ವಾಸನೆ ಹೊಡೀತಾ?"

"ಯಾಕೆ ಹೊಡೀಬೇಕು?"

"ಯಾಕೆ ಅಂದ್ರೆ? ಪೆಟ್ರೋಲ್ ಮುಚ್ಚಳಕ್ಕೆ ನೀನು ಚೀಲ ಕಟ್ಟಿರಲ್ಲ, ನಂಗೊತ್ತು. ಅಲ್ಲೇ ಹಗ್ಗದ ಮೇಲೆ ಒಣಗ್ತಾ ಇದೆಯಲ್ಲೋ."

ಹೊರಗೆ ಬಂದೆ. ಬಟ್ಟೆ ಒಣಹಾಕುವ ಹಗ್ಗದ ಮೇಲೆ, ಕ್ಲಿಪ್ಪು ಹಾಕಿ, ಒಂದು ದಪ್ಪ ಪ್ಲಾಸ್ಟಿಕ್ ಚೀಲ ಬೋರಲಾಗಿ ತೂಗುತ್ತಿತ್ತು. ಪಕ್ಕದಲ್ಲಿ ರಬ್ಬರಿನ ಬಳೆ. ಪ್ರತಿ ಶನಿವಾರ ಹೊರಡುವಾಗ ಅವಳು ಅದನ್ನು ಟ್ಯಾಂಕಿನ ಮುಚ್ಚಳದ ಮೇಲೆ ಬಿಗಿದು ಕಟ್ಟುತ್ತಿದ್ದಳು. ಡಾಕ್ಟರ ಮನೆ ಮುಟ್ಟಿದ ತಕ್ಷಣ, ಕೆಲಸದವರು ಎಸೆದುಬಿಟ್ಟಾರೆಂದು, ಎಲ್ಲಕ್ಕಿಂತ ಮೊದಲು ಬಿಚ್ಚಿ ಮಡಿಸಿ ಕೈಚೀಲದಲ್ಲಿಡುತ್ತಿದ್ದಳು. ದಾರಿಯಲ್ಲಿ ಗಾಡಿ ನಿಂತಾಗ ನಾವು ಮುಂದಿನ ಬಾನೆಟ್ ತೆರೆಯುತ್ತಿದ್ದೆವು. ಹಿಂದಕ್ಕೆ ಯಾರೂ ಹೋಗುವಂತಿರಲಿಲ್ಲ.

ಮೊದಲ ದಿನ ಆ ಸಣ್ಣ ತೂತಿಗೆ ಊದುತ್ತ ಮ್ಜೇ ವಿವರಿಸಿದ್ದು ಆಗ ಕಿವಿಗೆ ಬಂತು. ಪೆಟ್ರೋಲ್ ಇಳಿದ ಹಾಗೆ ಆ ತೂತಿನಿಂದ ಗಾಳಿ ಒಳಗೆ ಹೋಗಬೇಕು, ಇಲ್ಲದಿದ್ದರೆ ಪಂಪು ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಟ್ಯಾಂಕು ಸಹ ಉಸಿರಾಡಬೇಕು ಮಾಷ್ಟ್ರೆ. ಕಾಲು ಗಂಟೆ ನಿಂತಾಗ ಬಳೆಯ ಸಂದಿನಿಂದ ಗಾಳಿ ಮೆಲ್ಲಗೆ ಒಳಗೆ ಸೋರಿರಬೇಕು. ಮುಂದಿನ ಮಂಗಳವಾರ, ಅವರ ಹಾಗೆ, ಒಬ್ಬನೇ ಹೊರಟೆ. ಚೀಲ ಕಟ್ಟಿದೆ. ಏರಿನ ಎರಡನೆಯ ತಿರುವಿನಲ್ಲಿ ಗಾಡಿ ಕೆಮ್ಮಿ ನಿಂತಿತು. ಹಿಂದೆ ಹೋಗಿ ನೋಡಿದರೆ ಚೀಲ ಒಳಕ್ಕೆ ಹೀರಿಕೊಂಡು ಮುಚ್ಚಳಕ್ಕೆ ಚರ್ಮದ ಹಾಗೆ ಅಂಟಿತ್ತು. ಬಿಚ್ಚಿದೆ. ಉಸ್ಸೆಂದು ಗಾಳಿ ಒಳಗೆ ನುಗ್ಗಿತು. ಗಾಡಿ ಹೊರಟಿತು. ಅವರು ಒಂದು ಶನಿವಾರ ಹಿಂದೆ ಕೂತಿದ್ದರೆ ಸಾಕಿತ್ತು.

ಆ ವಾರವೇ ಅವರಿಗೆ ಬರೆಯಲು ಕೂತೆ. ಅಮ್ಮ ಎದುರಿಗೆ ಕಾಲು ನೀಡಿಕೊಂಡು ಬಟಾಣಿ ಸುಲಿಯುತ್ತಿದ್ದಳು. ಯಾರಿಗೆ ಎಂದಳು. ಹೇಳಿದೆ. "ಪಾಪ, ಒಳ್ಳೆ ಮನುಷ್ಯ. ನಾನು ಕೇಳಿದೆ ಅಂತ ಬರಿ," ಎಂದಳು. ಚೀಲದ ವಿಷಯ ಬರೆಯಬೇಕೆಂದರೆ ನೈವೇದ್ಯದ ವಿಷಯ ಬರೆಯಬೇಕು. ಅದನ್ನು ಬರೆದರೆ ಶನಿವಾರ ಜಾಗವಿಲ್ಲ ಎಂದದ್ದು ಯಾಕೆಂದು ಬರೆಯಬೇಕು. ನಾನು ಬರೆದದ್ದು ಹೀಗೆ: ಗಾಡಿಯ ದೋಷ ಸಿಕ್ಕಿತು, ಟ್ಯಾಂಕಿನ ಮುಚ್ಚಳದ ತೂತಿಗೆ ಧೂಳು ಕಟ್ಟಿಕೊಂಡಿತ್ತಂತೆ, ಈಗ ಸರಿಯಾಗಿದೆ, ಅಮ್ಮ ನಿಮ್ಮನ್ನು ಕೇಳಿದ್ದಾಳೆ.

ಒಂದು ತಿಂಗಳಿಗೆ ಉತ್ತರ ಬಂತು. ಎರಡು ಗೆರೆಗಳ ನಡುವೆ ದುಂಡಗೆ ಕೂರಿಸಿದ, ಆರನೇ ಕ್ಲಾಸಿನ ಅಕ್ಷರ. ಮುಖ್ಯವಾದ ಸಾಲುಗಳನ್ನು ಇಲ್ಲಿ ಹಾಗೇ ಇಳಿಸುತ್ತೇನೆ.

"ಧೂಳು ಎಂದು ಬರೆದಿದ್ದೀರಿ. ಆ ತೂತಿಗೆ ನಾನು ನಾಲ್ಕು ಸಲ ಬಾಯಿಟ್ಟು ಊದಿದ್ದೆ. ನಾಲ್ಕು ಸಲವೂ ಗಾಳಿ ಹೋಗುತ್ತದೆ ಎಂದು ನನಗೆ ತೋರಿತ್ತು. ಹಾಗಾದರೆ ನನಗೆ ಗೊತ್ತಾಗುವುದು ನಿಂತು ತುಂಬ ಸಮಯ ಆಗಿರಬೇಕು. ಸಣ್ಣ ಧಣಿ ಮಾಡಿದ್ದು ತಪ್ಪಲ್ಲ. ನನಗೆ ಮೊದಲು ಸಿಟ್ಟಿತ್ತು, ಈಗ ಇಲ್ಲ. ನನ್ನ ಕೈಯಿಂದ ಹೋದ ಬೇರೆ ಗಾಡಿಗಳನ್ನು ನೆನೆದರೆ ಹೆದರಿಕೆ ಆಗುತ್ತದೆ. ತಾಯಿಯವರಿಗೆ ನಮಸ್ಕಾರ."

ಇಲ್ಲಿ ಒಂದು ವಿಷಯ ಹೇಳಬೇಕು. ವಿದಾಯ ಹೇಳಲು ಬಂದ ದಿನ ಅವರು ಗಾಡಿಯ ಹಿಂದೆ ಬಾಗಿ, ಮುಚ್ಚಳದ ಸುತ್ತ ಧೂಳಿಲ್ಲದೆ ಹೊಳೆಯುತ್ತಿದ್ದ ಒಂದು ಉಂಗುರದ ಗುರುತಿನ ಮೇಲೆ ಬೆರಳಿಟ್ಟು, "ಇಲ್ಲಿ ಎಂತ ಕಟ್ತೀರಿ?" ಎಂದು ಕೇಳಿದರು, ನಾನು "ಏನಿಲ್ಲ" ಎಂದೆ. ಹೀಗೊಂದು ನೆನಪು ನನಗಿದೆ. ಇದು ನಿಜವಾದರೆ ಅವರಿಗೆ ಎಲ್ಲ ತಿಳಿದಿತ್ತು. ಧೂಳಿನ ಸುಳ್ಳನ್ನು ಅವರು ನಂಬಲಿಲ್ಲ. ಆ ಪತ್ರವನ್ನು ಅಮ್ಮನನ್ನು ಉಳಿಸಲಿಕ್ಕೆಂದೇ ಬರೆದರು. ಎಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತದೆ! ಅದಕ್ಕೇ ನಾನು ಇದನ್ನು ನಂಬುವುದಿಲ್ಲ. ಆ ಉತ್ತರ ಓದುವ ಮುಂಚೆ ಈ ಉಂಗುರ ನನ್ನ ನೆನಪಿನಲ್ಲಿತ್ತು ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಪುಸ್ತಕದಲ್ಲೂ ಬರೆದಿಲ್ಲ. ಅವರು ಬರೆದದ್ದು ಬರೆದ ಹಾಗೇ ಅವರಿಗೆ ಅನ್ನಿಸಿತ್ತು. ಇದ್ದದ್ದು ಇದ್ದ ಹಾಗೆ ಬರೆಯುವ ಮನುಷ್ಯ ಅವರು.

ನಿಜವನ್ನು ಬರೆಯಲು ನನಗೆ ಏಳು ತಿಂಗಳು ಹಿಡಿಯಿತು. ಚೀಲ, ರಬ್ಬರಿನ ಬಳೆ, ನೈವೇದ್ಯ, ಶನಿವಾರ ಜಾಗವಿಲ್ಲ ಎಂದದ್ದು, ಎಲ್ಲವನ್ನೂ ನಾಲ್ಕು ಪುಟ ಬರೆದು ಅಂಚೆಗೆ ಹಾಕಿದೆ. ಉತ್ತರವಾಗಿ ಅವರ ಅಕ್ಕನ ಮಗಳ ಒಂದು ಕಾರ್ಡು ಬಂತು. ಮಾವ ಹೋಗಿ ಹದಿನೈದು ದಿನವಾಯಿತು, ಕೊನೆಕೊನೆಗೆ ಮನೆಯ ಗಡಿಯಾರ ಕೆಟ್ಟರೂ ಮುಟ್ಟುತ್ತಿರಲಿಲ್ಲ, ನನ್ನ ಕೈಯಲ್ಲಿ ಆಗುವುದಿಲ್ಲ ಎನ್ನುತ್ತಿದ್ದರು. ನಿಮ್ಮ ಲಕೋಟೆಯನ್ನು ಒಡೆಯದೆ ಇಟ್ಟಿದ್ದೇವೆ. ಹಿಂದಕ್ಕೆ ಕಳಿಸಬೇಕೇ?

ಆ ಕಾರ್ಡಿಗೆ ನಾನು ಉತ್ತರ ಬರೆಯಲಿಲ್ಲ. ಅಮ್ಮನಿಗೆ ಚೀಲದ ವಿಷಯ ಹೇಳಲೂ ಇಲ್ಲ. ರಬ್ಬರು ಹರಿದುಹೋಯಿತೆಂದು ಹೇಳಿ, ಪಾತ್ರೆಗಳನ್ನು ಟ್ಯಾಂಕಿನಿಂದ ದೂರ ಜರುಗಿಸಿಟ್ಟೆ. ಅಷ್ಟಕ್ಕೇ ವಾಸನೆ ನಿಂತಿತು. ತಿಂಗಳ ಮೊದಲ ಭಾನುವಾರ ಸಮಾಧಿಗೆ ಹೋಗುತ್ತೇನೆ. ಆಕೆಯನ್ನು ನಾನು ಕಂಡವನಲ್ಲ. ಹುಲ್ಲು ಕೀಳುತ್ತೇನೆ. ನಿಜವಾಗಿಯೂ ಅಲ್ಲಿ ಹುಲ್ಲು ಬೇಗ ಬರುತ್ತದೆ.

ಆ ಗಾಡಿ ಆಮೇಲೆ ಇನ್ನೂ ಒಂಬತ್ತು ವರ್ಷ ಓಡಿತು. ಅವರು ಹಾಕಿದ ಪಂಪು, ಅವರು ಹಾಕಿದ ಕಾಯಿಲ್, ಅವರು ಜೋಡಿಸಿದ ಕಾರ್ಬೊರೇಟರ್. ಒಮ್ಮೆಯೂ ನಿಲ್ಲಲಿಲ್ಲ.